ಖಾಲಿ ಬಿದ್ದ ಮಾಲ್‌ಗಳನ್ನು ಬಾಡಿಗೆ ಮನೆ ಮಾಡಬಹುದಾ?

ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಬಸ್ಸಲ್ಲಿ ಕೂತು ಓದೋರಿಗೆ ಈ ಸಲದ ಮಾತಿನ ಬರಹ ರೂಪ ಇಲ್ಲಿದೆ. ವಿಡಿಯೊದಲ್ಲಿ ಬಾಯಲ್ಲೇ ಮಾಡಿದ ಲೆಕ್ಕಗಳನ್ನು ಇನ್ನೊಂದ್ಸಲ ತಾಳೆ ನೋಡಿ ಹಾಕಿದ್ದೀನಿ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಒಬ್ಬ ಕಾವಲುಗಾರರಿಂದ. ಪುಣೆಯಲ್ಲಿ ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಒಂದು ಮಾಲ್ ಇದೆ. ಕೆಳಗೆ ಒಂದು ಮೊಬೈಲ್ ಅಂಗಡಿ, ಪಕ್ಕದಲ್ಲಿ ಎಟಿಎಂ. ಅಷ್ಟು ಬಿಟ್ಟರೆ ಮೇಲಿನ ಮೂರು ಮಹಡಿಗೂ ಶಟರ್ ಎಳೆದು ವರ್ಷಗಳಾದವು. ಒಂದು ರಾತ್ರಿ ಆ ಎಟಿಎಂ ಮುಂದೆ ನಿಂತು ಅವ್ವನ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ಫೋನ್ ಇಟ್ಟ ಕೂಡಲೇ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ ಸೆಕ್ಯುರಿಟಿಯವರು, "ಯಾವೂರ್ರಿ ಸರ ನಿಮ್ದು?" ಅಂದ್ರು. ವಿಜಯಪುರ ಅಂದೆ. ಅವರದು ಇಂಡಿ ತಾಲ್ಲೂಕು. ಆವತ್ತಿನಿಂದ ಅವರನ್ನು ನಾನು ಕಾಕಾ ಅಂತಲೇ ಕರೆಯೋದು.

ಕಾಕಾ ಇರೋದು ಅಲ್ಲಿಂದ ಎರಡು ಕಿಲೋಮೀಟರ್ ದೂರದ ಒಂದು ಪತ್ರಾಸ್ ಖೋಲಿಯಲ್ಲಿ. ಆರು ಜನ, ಮೂರು ಹಾಸಿಗೆ. ಮೂವರು ರಾತ್ರಿ ಪಾಳಿ, ಮೂವರು ಹಗಲು ಪಾಳಿ. "ನಾ ಏಳೂದ್ರಾಗ ಇನ್ನೊಬ್ಬಾವ ಬಂದು ಮಲಗ್ತಾನ್ರಿ. ಹಾಸಿಗಿ ಆರೂದ ಇಲ್ಲ" ಅಂತ ನಗ್ತಾ ಹೇಳಿದ್ರು. ಹೆಂಡತಿ, ಮಗಳು ಊರಲ್ಲೇ. ಆಮೇಲೆ ಹಿಂದೆ ತಿರುಗಿ ಆ ಕತ್ತಲೆ ಕಟ್ಟಡ ನೋಡಿ ಕೇಳಿದ್ರು: "ಇಷ್ಟ್ ದೊಡ್ಡ ಬಿಲ್ಡಿಂಗ್ ಸುಮ್ನ ಬಿದ್ದೈತಿ. ಇದರಾಗ ಒಂದೊಂದ್ ಖೋಲಿ ಮಾಡಿ ಬಾಡಿಗಿಗೆ ಕೊಟ್ರ ಏನಾಗ್ತದ್ರಿ?"

ನಾನು ಓದಿದ್ದು ಸಿವಿಲ್. ಎಂ.ಟೆಕ್ ಮಾಡಿದ್ದು ಸ್ಟ್ರಕ್ಚರಲ್‌ನಲ್ಲಿ. ಹೊಟ್ಟೆ ಹೊರೀತಿರೋದು ಮಾತ್ರ ಜಾವಾದಿಂದ. ನಮ್ಮಲ್ಲಿ ಎಷ್ಟು ಜನರ ಕಥೆ ಹೀಗೇ ಅಲ್ವಾ? ಹಾಗಾಗಿ ಆ ಪ್ರಶ್ನೆಗೆ "ಆಗಲ್ಲ ಕಾಕಾ" ಅಂತ ಹೇಳಿ ಹೊರಡೋಕೆ ಮನಸ್ಸಾಗಲಿಲ್ಲ. ಕೂತು ಲೆಕ್ಕ ಹಾಕಿದೆ.

ಮೊದಲು ಖಾಲಿ ಎಷ್ಟಿದೆ ನೋಡೋಣ

ನೈಟ್ ಫ್ರಾಂಕ್ ಅನ್ನೋ ಆಸ್ತಿ ಸಲಹಾ ಸಂಸ್ಥೆ 2024ರಲ್ಲಿ ಒಂದು ವರದಿ ಕೊಟ್ಟಿತು. ಶೇ. 40ಕ್ಕಿಂತ ಹೆಚ್ಚು ಜಾಗ ಖಾಲಿ ಇರೋ ಶಾಪಿಂಗ್ ಸೆಂಟರ್‌ಗಳನ್ನು ಅವರು 'ಘೋಸ್ಟ್' ಅಂತ ಕರೀತಾರೆ, ಅಂದ್ರೆ ದೆವ್ವದ ಮಾಲ್. ದೇಶದ ಎಂಟು ದೊಡ್ಡ ನಗರಗಳಲ್ಲಿ 2022ರಲ್ಲಿ ಇಂಥವು 57 ಇದ್ದವು. 2023ಕ್ಕೆ 64 ಆದವು. ಒಟ್ಟು ಜಾಗ ಸುಮಾರು 1.33 ಕೋಟಿ ಚದರಡಿ. ಹೆಚ್ಚು ಇರೋದು ದೆಹಲಿ ಸುತ್ತಮುತ್ತ. ಮುಂಬೈ, ಬೆಂಗಳೂರು, ಹೈದರಾಬಾದಿನಲ್ಲೂ ಇವೆ.

ಇವು ಯಾಕೆ ಸಾಯ್ತವೆ? ಆನ್‌ಲೈನ್ ಶಾಪಿಂಗ್ ಒಂದೇ ಕಾರಣ ಅಲ್ಲ. ದೊಡ್ಡ ಮಾಲ್‌ಗಳು ಚೆನ್ನಾಗೇ ನಡೀತಿವೆ. ಸಾಯೋದು ಸಣ್ಣವು: ಅಂಗಡಿಗಳನ್ನು ಬಿಡಿಬಿಡಿಯಾಗಿ ಮಾರಿ ಬಿಲ್ಡರ್ ಕೈ ತೊಳೆದುಕೊಂಡವು, ಪಾರ್ಕಿಂಗ್ ಸರಿ ಇಲ್ಲದವು, ಪಕ್ಕದಲ್ಲೇ ದೊಡ್ಡ ಮಾಲ್ ಬಂದು ಗಿರಾಕಿ ಕಳಕೊಂಡವು. 'ಬಿಡಿಬಿಡಿಯಾಗಿ ಮಾರಿದ್ದು' ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಬೇರೆ ಕಡೆ ಮಾಡಿದ್ದಾರಾ? ಮಾಡಿದ್ದಾರೆ

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಲ್ಲಿ 'ಆರ್ಕೇಡ್' ಅಂತ ಒಂದು ಕಟ್ಟಡ ಇದೆ. ಕಟ್ಟಿದ್ದು 1828ರಲ್ಲಿ. ಆ ದೇಶದ ಅತಿ ಹಳೆಯ ಒಳಾಂಗಣ ಶಾಪಿಂಗ್ ಮಾಲ್ ಅಂತ ಅದಕ್ಕೆ ಹೆಸರು. ಕಲ್ಲಿನ ದೊಡ್ಡ ಕಂಬಗಳು, ಮೇಲೆ ಗಾಜಿನ ಚಾವಣಿ, ಮೂರು ಅಂತಸ್ತು. ವ್ಯಾಪಾರ ಕುಸಿದು 2008ರಲ್ಲಿ ಬಾಗಿಲು ಹಾಕಿತು. 2013ರಲ್ಲಿ ಮತ್ತೆ ತೆರೆದಾಗ ಕೆಳಗೆ ಅಂಗಡಿ, ಮೇಲಿನ ಎರಡು ಅಂತಸ್ತಲ್ಲಿ 48 ಪುಟ್ಟ ಮನೆಗಳು. ಅತಿ ಚಿಕ್ಕದು ಸುಮಾರು 225 ಚದರಡಿ. ಬಾಡಿಗೆ ತಿಂಗಳಿಗೆ 550 ಡಾಲರಿನಿಂದ ಶುರು. ಜನ ಸಾಲು ನಿಂತರು.

ಒಂದು ಸಣ್ಣ ವಿಷಯ ಹೇಳ್ಲೇಬೇಕು. ಆ ಮನೆಗಳಲ್ಲಿ ಒಲೆ ಇಲ್ಲ, ಮೈಕ್ರೋವೇವ್ ಅಷ್ಟೇ. ಒಗ್ಗರಣೆ ಹಾಕೋಕಾಗದ ಮನೆಗೆ ನಮ್ಮ ಅವ್ವಂದಿರು ಕಾಲಿಡ್ತಾರಾ? ಇದು ತಮಾಷೆಯ ಮಾತಾದರೂ ಒಳಗೆ ಎಂಜಿನಿಯರಿಂಗ್ ಇದೆ. ಒಗ್ಗರಣೆ ಹಾಕಬೇಕು ಅಂದ್ರೆ ಹೊಗೆ ಹೋಗೋಕೆ ದಾರಿ ಬೇಕು. ದಾರಿ ಬೇಕು ಅಂದ್ರೆ ಅಡುಗೆಮನೆ ಹೊರಗೋಡೆಗೆ ಅಂಟಿಕೊಂಡಿರಬೇಕು.

ಇನ್ನೊಂದು ಉದಾಹರಣೆ ವರ್ಜೀನಿಯಾದ ಅಲೆಕ್ಸಾಂಡ್ರಿಯಾದ್ದು. ಅಲ್ಲಿನ ಲ್ಯಾಂಡ್‌ಮಾರ್ಕ್ ಮಾಲ್ 2017ರಲ್ಲಿ ಮುಚ್ಚಿತು. ಅದೇ ಊರಿನ ಕಾರ್ಪೆಂಟರ್ಸ್ ಶೆಲ್ಟರ್ ಅನ್ನೋ ನಿರ್ವಸಿತರ ತಂಗುದಾಣದವರು ತಮ್ಮ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಬೇಕಿತ್ತು. ಅಲ್ಲೀತನಕ ಎಲ್ಲಿರೋದು? 2018ರಲ್ಲಿ ಆ ಮಾಲ್‌ನ ಮೇಸೀಸ್ ಅಂಗಡಿಯ ಒಳಗೇ ಗೋಡೆ ಎಬ್ಬಿಸಿ ಇದ್ದರು. 2020ರಲ್ಲಿ ಹೊಸ ಕಟ್ಟಡಕ್ಕೆ ವಾಪಸ್ ಹೋದರು. ಆ ಹೊಸ ಕಟ್ಟಡದಲ್ಲಿ ತಂಗುದಾಣದ ಜೊತೆ 97 ಕಡಿಮೆ ಬಾಡಿಗೆಯ ಮನೆಗಳೂ ಬಂದವು. ಮಾಲನ್ನು ಆಮೇಲೆ ಕೆಡವಿದರು. ಅಂದ್ರೆ ಕಟ್ಟಡದ ಹಣೆಬರಹ ತೀರ್ಮಾನ ಆಗೋ ತನಕ ಎರಡು ವರ್ಷ ಅದು ಜನರಿಗೆ ನೆರಳಾಯಿತು.

ಕಂಬ, ಸ್ಲ್ಯಾಬ್ ತಡೀತವಾ?

ಕಾಮೆಂಟಲ್ಲಿ ಎಲ್ಲರೂ ಮೊದಲು ಕೇಳೋ ಪ್ರಶ್ನೆ ಇದು. ಉತ್ತರ ಸಮಾಧಾನಕರವಾಗೇ ಇದೆ. ನಮ್ಮ ಭಾರತೀಯ ಮಾನಕ 875ರ ಎರಡನೇ ಭಾಗದ ಪ್ರಕಾರ ಮನೆಯ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಹಿಡಿದು ವಿನ್ಯಾಸ ಮಾಡಬೇಕು. ಚಿಲ್ಲರೆ ಅಂಗಡಿಗೆ ಸುಮಾರು 400 ಕೆ.ಜಿ. ಜನ, ಮಂಚ, ಬೀರು ಎಲ್ಲ ಸೇರಿದರೂ ಮನೆಯ ಭಾರ ಅರ್ಧ.

ಆದರೆ ಮನೆ ಅಂದ್ರೆ ಗೋಡೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಮೂರು ಮೀಟರ್ ಎತ್ತರ ಎಬ್ಬಿಸಿದರೆ ಒಂದು ಮೀಟರ್ ಉದ್ದಕ್ಕೇ ಸುಮಾರು 700 ಕೆ.ಜಿ. ತೂಗುತ್ತೆ. ಸ್ಲ್ಯಾಬಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಅದೇ ತಿಂದುಬಿಡುತ್ತೆ. ಅದಕ್ಕೇ ಎಎಸಿ ಬ್ಲಾಕ್ ಅಥವಾ ಸಿಮೆಂಟ್ ಬೋರ್ಡಿನ ಗೋಡೆ ಬೇಕು. ತೂಕ ಅರ್ಧಕ್ಕಿಂತ ಕಡಿಮೆ. ಹೊರಗಿನ ಗಾಜು, ಅಲ್ಯುಮಿನಿಯಂ ಹಲಗೆ ಎಲ್ಲ ಬರೀ ಅಲಂಕಾರ. ಭಾರ ಹೊರೋದು ಕಂಬ, ತೊಲೆ. ಹಾಗಾಗಿ ಹೊರಗೋಡೆಯಲ್ಲಿ ಕಿಟಕಿ ತೆರೆಯೋದು ಕಷ್ಟದ ಕೆಲಸ ಅಲ್ಲ.

ನೀರು ಹರಿಯೋದು

ಮಾಲ್‌ನಲ್ಲಿ ಟಾಯ್ಲೆಟ್ ಇರೋದು ಒಂದೆರಡು ಮೂಲೆಯಲ್ಲಿ. ಮನೆ ಮಾಡಿದರೆ ಪ್ರತಿ ಬಾಗಿಲ ಹಿಂದೆ ಒಂದು ಬಚ್ಚಲು. ಪೈಪಿಗೆ ಮೀಟರಿಗೆ ಒಂದೆರಡು ಸೆಂಟಿಮೀಟರ್ ಇಳಿಜಾರು ಬೇಕು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲ ಸ್ಲ್ಯಾಬನ್ನು ಮೊದಲೇ ತಗ್ಗಿಸಿ ಕಟ್ಟಿರ್ತಾರೆ. ಮಾಲ್‌ನಲ್ಲಿ ತಗ್ಗು ಇಲ್ಲ, ಹಾಗಾಗಿ ಬಚ್ಚಲ ನೆಲವನ್ನೇ ಒಂದೆರಡು ಮೆಟ್ಟಿಲು ಎತ್ತರಿಸಬೇಕು. ಅದೃಷ್ಟಕ್ಕೆ ಮಾಲ್‌ನ ಚಾವಣಿ ಎತ್ತರ ಇರೋದರಿಂದ ತಲೆ ತಾಗಲ್ಲ.

ನೀರಿನ ಪ್ರಮಾಣವೂ ನೋಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಯಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿಯುತ್ತೆ. 230 ಮನೆ, ಮನೆಗೆ ಮೂವರು ಅಂದ್ರೆ ದಿನಕ್ಕೆ ಸುಮಾರು 93,000 ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಒಂಬತ್ತಕ್ಕಿಂತ ಹೆಚ್ಚು. ಬೇಸಿಗೆಯಲ್ಲಿ ಸೊಸೈಟಿ ಮುಂದೆ ಟ್ಯಾಂಕರ್ ಕಾದವರಿಗೆ ಇದರ ಅರ್ಥ ಗೊತ್ತು. ಪಾಲಿಕೆಯ ನೀರಿನ ಸಂಪರ್ಕ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

230 ಎಲ್ಲಿಂದ ಬಂತು ಅಂತೀರಾ? ಅದು ಬೆಳಕಿನ ಲೆಕ್ಕದಿಂದ.

ಬೆಳಕು: ಇಲ್ಲೇ ಗಂಟು ಇರೋದು

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೈದರಾಬಾದಿನ ಒಂದು ಪಿಜಿಯಲ್ಲಿ ಎಂಟು ತಿಂಗಳು ಇದ್ದೆ. ರೂಮಿಗೆ ಕಿಟಕಿ ಇರಲಿಲ್ಲ. ಬೆಳಗಾಯ್ತೋ ಇಲ್ವೋ ಅಂತ ಮೊಬೈಲ್ ನೋಡಿಯೇ ತಿಳ್ಕೋಬೇಕು. ಒಗೆದ ಬನಿಯನ್ನು ಒಣಗದೆ ವಾಸನೆ ಬರೋದು. ಭಾನುವಾರ ಮಧ್ಯಾಹ್ನ ಎದ್ದು ಕೂತರೆ ಯಾಕೆ ಅಂತ ಗೊತ್ತಿಲ್ಲದೆ ಅಳು ಬರೋದು. ಊರಿಗೆ ಹೋದಾಗ ಅಂಗಳದಲ್ಲಿ ಕೂತ ಮೇಲೆ ಗೊತ್ತಾಯ್ತು, ಬೇಕಿದ್ದದ್ದು ಬೆಳಕು ಅಂತ. ಹಾಗಾಗಿ 'ಬಡವರಿಗೆ ತಲೆ ಮೇಲೊಂದು ಸೂರಿದ್ದರೆ ಸಾಕು' ಅನ್ನೋ ಮಾತು ನನಗೆ ಹಿಡಿಸಲ್ಲ.

ನಮ್ಮ ಕಟ್ಟಡ ಸಂಹಿತೆಯಲ್ಲಿ ಒಂದು ಒಳ್ಳೇ ನಿಯಮ ಇದೆ: ಕಿಟಕಿಯಿಂದ 7.5 ಮೀಟರಿಗಿಂತ ದೂರ ಇರೋ ಕೋಣೆಯ ಭಾಗಕ್ಕೆ ಬೆಳಕು ಬರುತ್ತೆ ಅಂತ ಲೆಕ್ಕ ಹಿಡಿಯೋ ಹಾಗಿಲ್ಲ. ಈಗ ಒಂದು ಚೌಕದ ಮಾಲ್ ಊಹಿಸಿಕೊಳ್ಳಿ. ಒಂದು ಬದಿ 60 ಮೀಟರ್. ಒಂದು ಮಹಡಿ 3,600 ಚದರ ಮೀಟರ್. ನಾಲ್ಕೂ ಕಡೆಯಿಂದ 7.5 ಮೀಟರ್ ಒಳಗೆ ಬಂದರೆ ನಡುವೆ 45 ಮೀಟರಿನ ಚೌಕ ಕತ್ತಲಲ್ಲಿ ಉಳಿಯುತ್ತೆ, ಅಂದ್ರೆ 2,025 ಚದರ ಮೀಟರ್. ಅರ್ಧಕ್ಕಿಂತ ಹೆಚ್ಚು ನೆಲ ವಾಸಕ್ಕೆ ಬರಲ್ಲ.

ಈಗ ನಮ್ಮ ತೊಟ್ಟಿ ಮನೆ ನೆನಪಿಸಿಕೊಳ್ಳಿ. ಪುಣೆಯ ಹಳೇ ವಾಡೆಗಳಲ್ಲೂ ನಡುವೆ ಅಂಗಳ ಇರುತ್ತೆ. ಮಾಲ್‌ನ ಮಧ್ಯೆ ಎಸ್ಕಲೇಟರ್ ಇರೋ ತೆರೆದ ಜಾಗ ಇರುತ್ತಲ್ಲ, ಅದು 15 ಮೀಟರಿನ ಚೌಕ ಅಂತ ಇಟ್ಟುಕೊಳ್ಳಿ. ಅದರ ಮೇಲಿನ ಚಾವಣಿ ತೆಗೆದು ಆಕಾಶ ಕಾಣೋ ಹಾಗೆ ಮಾಡಿದರೆ, ಅದರ ಸುತ್ತಲೂ 7.5 ಮೀಟರ್ ಅಗಲದ ಇನ್ನೊಂದು ಬೆಳಕಿನ ಪಟ್ಟಿ ಸಿಗುತ್ತೆ, 675 ಚದರ ಮೀಟರ್. ಹೊರಗಿನ ಪಟ್ಟಿ 1,575. ಎರಡೂ ಸೇರಿ 2,250. ಅಂಗಳ ಕಳೆದು ಉಳಿಯೋ ನೆಲ 3,375. ಮೂರರಲ್ಲಿ ಎರಡು ಪಾಲಿಗೆ ಬೆಳಕು ಬಂತು.

ಎರಡು ಬೆಳಕಿನ ಪಟ್ಟಿಗಳ ನಡುವೆ ಉಳಿದ ಕತ್ತಲ ಪಟ್ಟಿಯ ಅಗಲ ಎಷ್ಟು? ಅದೂ 7.5 ಮೀಟರ್. ಅದರ ನಡುವೆ ಎರಡು ಮೀಟರ್ ಅಗಲದ ಓಣಿ ಬಿಡಿ. ಎರಡೂ ಕಡೆ 2.75 ಮೀಟರ್ ಉಳೀತು. ಬಚ್ಚಲು, ಸಾಮಾನಿನ ಕೋಣೆ, ಪೈಪಿನ ಡಕ್ಟ್ ಎಲ್ಲ ಅಲ್ಲಿಗೆ. ಮಲಗೋದು, ಕೂರೋದು, ಅಡುಗೆ ಮಾಡೋದು ಕಿಟಕಿ ಕಡೆಗೆ. ಓಣಿ, ಮೆಟ್ಟಿಲು, ಲಿಫ್ಟ್, ಗೋಡೆ ಎಲ್ಲ ಕಳೆದರೆ ಮಹಡಿಗೆ ಸುಮಾರು 2,300 ಚದರ ಮೀಟರ್ ಸಿಗುತ್ತೆ. ಮನೆಗೆ 30 ಚದರ ಮೀಟರ್ ಅಂದ್ರೆ ಮಹಡಿಗೆ 76, ಮೂರು ಮಹಡಿಗೆ ಹತ್ತಿರ ಹತ್ತಿರ 230 ಮನೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ಹಿಂದುಳಿದವರ ಮನೆಗೆ ಹಿಡಿದಿರೋ ಅಳತೆಯೂ 30 ಚದರ ಮೀಟರ್, ಅದಕ್ಕೇ ಈ ಸಂಖ್ಯೆ. ನೆಲಮಹಡಿಯಲ್ಲಿ ಅಂಗಡಿಗಳು ಹಾಗೇ ಇರಲಿ. ಈಗ ಮೇಲೆ ಜನ ಇದ್ದಾರಲ್ಲ, ಕಿರಾಣಿ ಅಂಗಡಿಯಾದ್ರೂ ನಡೆಯುತ್ತೆ.

ಬೆಳಕು ಮರೆತರೆ ಏನಾಗುತ್ತೆ?

ಇಂಗ್ಲೆಂಡನ್ನು ನೋಡಿ. 2013ರಿಂದ ಅಲ್ಲಿ ಆಫೀಸುಗಳನ್ನು ಪೂರ್ತಿ ಯೋಜನಾ ಅನುಮತಿ ಇಲ್ಲದೆ ಮನೆ ಮಾಡಬಹುದು ಅಂದರು. ಮುಂದಿನ ವರ್ಷ ಸಣ್ಣ ಅಂಗಡಿಗಳಿಗೂ ಇಂಥದೇ ದಾರಿ ತೆರೆದರು. ಮನೆಗಳು ಬೇಗ ಬೇಗ ಬಂದವು. ಆದರೆ ಎಂಥವು? 2020ರಲ್ಲಿ ಸರ್ಕಾರವೇ ಮಾಡಿಸಿದ, ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದವರು ಮುಂದಾಳಾಗಿದ್ದ ಅಧ್ಯಯನದಲ್ಲಿ, ಈ ಅಡ್ಡದಾರಿಯಿಂದ ಬಂದ ಮನೆಗಳಲ್ಲಿ ದೇಶದ ಅಳತೆಯ ಮಾನಕಕ್ಕೆ ಸರಿಹೊಂದಿದ್ದು ಶೇ. 22ರಷ್ಟು ಮಾತ್ರ. ಪೂರ್ತಿ ಅನುಮತಿ ಪಡೆದವುಗಳಲ್ಲಿ ಶೇ. 73. ವಾಟ್‌ಫರ್ಡ್ ಊರಲ್ಲಿ ಒಂದು ಸಣ್ಣ ಕೈಗಾರಿಕಾ ಕಟ್ಟಡವನ್ನು 15 ಫ್ಲ್ಯಾಟ್ ಮಾಡೋಕೆ 2019ರಲ್ಲಿ ಮೇಲ್ಮನವಿಯಲ್ಲಿ ಒಪ್ಪಿಗೆ ಸಿಕ್ಕಿತು. ಅತಿ ಚಿಕ್ಕದು 16.5 ಚದರ ಮೀಟರ್, ಕೆಲವಕ್ಕೆ ಕಿಟಕಿಯೇ ಇಲ್ಲ. ಗಲಾಟೆಯಾಯ್ತು. 2020ರಲ್ಲಿ ಸಹಜ ಬೆಳಕು ಕಡ್ಡಾಯ ಆಯ್ತು. 2021ರ ಏಪ್ರಿಲ್‌ನಿಂದ ಅಳತೆಯೂ ಕಡ್ಡಾಯ; ಒಬ್ಬರ ಮನೆಗೆ ಕನಿಷ್ಠ 37 ಚದರ ಮೀಟರ್. ಅದೇ ವರ್ಷ ಆಗಸ್ಟಿನಲ್ಲಿ ಇನ್ನೂ ದೊಡ್ಡ ಅಂಗಡಿಗಳಿಗೂ ಅವಕಾಶ ಕೊಟ್ಟರು: 1,500 ಚದರ ಮೀಟರ್ ಮಿತಿ, ಮೂರು ತಿಂಗಳು ಖಾಲಿ ಇರಬೇಕು ಅನ್ನೋ ಷರತ್ತು. 2024ರ ಮಾರ್ಚಲ್ಲಿ ಆ ಎರಡನ್ನೂ ತೆಗೆದರು.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೊದಲು ಪ್ರೊಡಕ್ಷನ್‌ಗೆ ಹಾಕಿದರು, ಆಮೇಲೆ ಟೆಸ್ಟ್ ಬರೆದರು. ನಡುವಿನ ಏಳು ವರ್ಷದಲ್ಲಿ ಆ ಮನೆಗಳಿಗೆ ಹೋದವರು ಅಲ್ಲೇ ಇದ್ದಾರೆ.

ಇನ್ನೊಂದು ಮಾತು. ಈ ದಾರಿಯಿಂದ ಬಂದ ಮನೆಗಳಲ್ಲಿ ಇಷ್ಟು ಪಾಲು ಕಡಿಮೆ ಬಾಡಿಗೆಗೆ ಇಡಿ ಅಂತ ಸ್ಥಳೀಯ ಆಡಳಿತ ಕೇಳೋ ಹಾಗಿಲ್ಲ. ಕ್ಯಾಲಿಫೋರ್ನಿಯಾ 2022ರಲ್ಲಿ ಮಾಡಿದ ಎಬಿ 2011 ಕಾಯ್ದೆ ಬೇರೆ ಥರ. ಅಂಗಡಿ, ಆಫೀಸು, ಪಾರ್ಕಿಂಗ್ ಜಾಗಗಳಲ್ಲಿ ಮನೆ ಕಟ್ಟೋಕೆ ಬೇಗ ಅನುಮತಿ ಕೊಡ್ತೀವಿ, ಆದರೆ ಒಂದು ಪಾಲು ಕಡಿಮೆ ಆದಾಯದವರಿಗೆ ಇಡಬೇಕು, ಕಟ್ಟೋ ಕಾರ್ಮಿಕರಿಗೆ ನಿಗದಿತ ಕೂಲಿ ಕೊಡಬೇಕು ಅಂತ ಅದು ಹೇಳುತ್ತೆ. 2023ರ ಜುಲೈಯಿಂದ ಜಾರಿಯಲ್ಲಿದೆ.

ಬಾಡಿಗೆ ಎಷ್ಟಾಗುತ್ತೆ?

ಒಂದು ಉದಾಹರಣೆ ಹಾಕೋಣ. ದರಗಳು ನಾನು ಹಿಡಿದವು, ನಿಮ್ಮ ಊರಿನದನ್ನು ಹಾಕಿ ನೋಡಿ. 30 ಚದರ ಮೀಟರಿನ ಮನೆಗೆ ಓಣಿ, ಮೆಟ್ಟಿಲ ಪಾಲು ಸೇರಿ 450 ಚದರಡಿ ಇರಲಿ. ಪರಿವರ್ತನೆಗೆ ಚದರಡಿಗೆ 1,500 ರೂ. ಅಂದ್ರೆ ಮನೆಗೆ 6.75 ಲಕ್ಷ. ಶೇ. 8ರ ಬಡ್ಡಿ, 20 ವರ್ಷಕ್ಕೆ ಇಎಂಐ ಸುಮಾರು 5,650 ರೂ. ನಿರ್ವಹಣೆಗೆ ಸಾವಿರ. ಬಾಡಿಗೆ 6,650ಕ್ಕೆ ನಿಲ್ಲುತ್ತೆ. ಇಬ್ಬರು ದುಡಿಯೋ ಸಂಸಾರಕ್ಕೆ ಕೈಗೆಟುಕುವ ಮಾತು.

ಇದರಲ್ಲಿ ಕಟ್ಟಡದ ಬೆಲೆ ಸೇರಿಲ್ಲ. ಆ ಖಾಲಿ ಮಾಲನ್ನು ಚದರಡಿಗೆ 3,000 ರೂ. ಕೊಟ್ಟು ಕೊಂಡರೆ ಇನ್ನೊಂದು 13.5 ಲಕ್ಷ. ಇಎಂಐ ಇನ್ನೂ 11,300. ಬಾಡಿಗೆ 18,000 ಹತ್ತಿರ. ಆಗ ಆ ಮನೆಗೆ ಬರೋದು ಕಾಕಾ ಅಲ್ಲ, ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ. ಅವನಿಗೂ ಮನೆ ಬೇಕು, ತಪ್ಪಲ್ಲ. ಆದರೆ ಕಾಕಾನ ಹೆಸರು ಹೇಳಿ ಮಾಲ್ ತೆರೆಸಿ, ಒಳಗೆ ನಾವು ಹೋಗಿ ಕೂತರೆ ಅದು ಸರಿಯಾ? ಪ್ರಾವಿಡೆನ್ಸಿನ ಮನೆಗಳೂ ಬಾಡಿಗೆಯಿಂದ ಶುರುವಾಗಿ ಆಮೇಲೆ ಮಾರಾಟದ ಫ್ಲ್ಯಾಟುಗಳಾದವು.

ಹಾಗಾಗಿ ಕಡಿಮೆ ಬಾಡಿಗೆ ಅನ್ನೋದು ಕಟ್ಟಡದಿಂದ ತಾನಾಗಿ ಬರಲ್ಲ. ಯಾರೋ ಕಟ್ಟಡದ ಬೆಲೆಯನ್ನು ಹೊರಬೇಕು, ಬಾಡಿಗೆಯ ಷರತ್ತನ್ನು ಬರವಣಿಗೆಯಲ್ಲಿ ಕಟ್ಟಿಹಾಕಬೇಕು.

ನಮ್ಮ ದೇಶದಲ್ಲಿ ದಾರಿ ಇದೆಯಾ?

2020ರ ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರು ನಡೆದುಕೊಂಡೇ ಊರಿಗೆ ಹೊರಟಿದ್ದನ್ನು ನಾವೆಲ್ಲ ನೋಡಿದ್ದೀವಿ. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ತಂದಿತು. ಮೊದಲ ಮಾದರಿ: ಸರ್ಕಾರದ ದುಡ್ಡಲ್ಲಿ ಕಟ್ಟಿ ಖಾಲಿ ಬಿದ್ದಿರೋ ಮನೆಗಳನ್ನು ಬಾಡಿಗೆಗೆ ಕೊಡೋದು. ಎರಡನೆಯದು: ಕಂಪನಿಗಳು, ಸಂಸ್ಥೆಗಳು ತಮ್ಮ ಜಾಗದಲ್ಲಿ ಹೊಸದಾಗಿ ಕಟ್ಟೋದು. ಮೊದಲ ಮಾದರಿಗೆ ಗುರುತಿಸಿದ್ದು 83,534 ಮನೆ; ಬಾಡಿಗೆ ಮನೆಗಳಾಗಿ ಬದಲಾಗಿದ್ದು 5,648. ಅದರಲ್ಲಿ 2,195 ಚಂಡೀಗಢ ಒಂದರಲ್ಲೇ. ಮನೆ ಅಂತಲೇ ಕಟ್ಟಿದ್ದನ್ನು ಮನೆ ಮಾಡೋಕೆ ಇಷ್ಟು ಕಷ್ಟ. 2024ರ ಹೊಸ ಆವಾಸ್ ಯೋಜನೆಯಲ್ಲೂ ಬಾಡಿಗೆ ವಸತಿಗೆ ಇದೇ ಎರಡು ಮಾದರಿ. ಎರಡೂ ಖಾಲಿ ಮಾಲ್‌ಗಳನ್ನು ಮನಸ್ಸಲ್ಲಿಟ್ಟು ಬರೆದವಲ್ಲ.

ಮಾಲ್‌ಗೆ ಇನ್ನೂ ಮೂರು ಬಾಗಿಲು ದಾಟಬೇಕು. ಒಂದು, ಭೂಬಳಕೆ ಬದಲಾವಣೆ. ಅದು ರಾಜ್ಯ ಮತ್ತು ಪಾಲಿಕೆಯ ಕೈಲಿದೆ. ಎರಡು, ಅಗ್ನಿಶಾಮಕ ಒಪ್ಪಿಗೆ. ಎಚ್ಚರ ಇರೋ ಗಿರಾಕಿ ಓಡಿಹೋಗೋದು ಬೇರೆ, ನಿದ್ದೆಯಲ್ಲಿರೋ ಸಂಸಾರ ಓಡೋದು ಬೇರೆ, ಮನೆಮನೆಗೆ ಸಿಲಿಂಡರ್ ಬೇರೆ. ಮೂರು, ಮಾಲೀಕತ್ವ. ಮುನ್ನೂರು ಅಂಗಡಿ ಮುನ್ನೂರು ಜನಕ್ಕೆ ಮಾರಿದ್ದರೆ ಆ ಮುನ್ನೂರು ಜನರ ಸಹಿ ಬೇಕು. ಅರ್ಧ ಜನ ದುಬೈಯಲ್ಲಿ, ಇನ್ನರ್ಧ ಕೋರ್ಟಲ್ಲಿ. ಒಬ್ಬನೇ ಮಾಲೀಕನ ಕೈಲಿರೋದು, ಅಥವಾ ಸಾಲ ಕಟ್ಟದೆ ಬ್ಯಾಂಕಿನ ಹರಾಜಿಗೆ ಬಂದದ್ದು ಮಾತ್ರ ಸದ್ಯಕ್ಕೆ ಆಗೋ ಮಾತು. ಹರಾಜಿನಲ್ಲಿ ಬೆಲೆಯೂ ಇಳಿದಿರುತ್ತೆ. ಪಾಲಿಕೆಯೋ ವಸತಿ ಮಂಡಳಿಯೋ ಅಲ್ಲಿ ಕೈ ಎತ್ತಿದರೆ, 18,000ದ ಬಾಡಿಗೆ 6,650ರ ಕಡೆಗೆ ಇಳಿಯೋದು ಆಗಲೇ.

ಕಳೆದ ವಾರ ಕಾಕಾಗೆ ಇದನ್ನೆಲ್ಲ ಹೇಳಿದೆ. ಪೇಪರಿನ ಮೇಲೆ ಚೌಕ ಬರೆದು, ನಡುವೆ ಅಂಗಳ ತೋರಿಸಿದೆ. ಅವರು ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದ್ರು. ಆಮೇಲೆ ಬೆರಳಿಟ್ಟು, "ಈ ಮೂಲಿ ಬ್ಯಾಡ್ರಿ ಸರ, ಮಳಿಗಾಲದಾಗ ಇಲ್ಲಿ ಸೋರ್ತದ. ಮೂರನೇ ಮಾಳಗಿ, ಹಿಂದಿನ ಬಾಜೂ ಗಾಳಿ ಚಲೋ ಬರ್ತದ. ಅಲ್ಲಿ ಮಾಡ್ರಿ" ಅಂದ್ರು. ಆ ಕಟ್ಟಡದ ನಕ್ಷೆ ಬರೆದವರಿಗೂ ಇಷ್ಟು ಗೊತ್ತಿರಲಿಕ್ಕಿಲ್ಲ.

"ಆಗ್ತದೇನ್ರಿ ಮತ್ತ?" ಅಂತ ಕೇಳಿದ್ರು. ಕಟ್ಟೋಕೆ ಆಗುತ್ತೆ ಕಾಕಾ, ಕೊಡೋರು ಬೇಕು ಅಂದೆ.

ನೀವಿರೋ ಊರಲ್ಲಿ, ಚೆನ್ನೈ ಇರಲಿ, ನೋಯ್ಡಾ ಇರಲಿ, ಇಂಥ ಖಾಲಿ ಮಾಲ್ ಇದ್ದರೆ ಎರಡು ವಿಷಯ ವಿಚಾರಿಸಿ ಬರೆಯಿರಿ: ಮಾಲೀಕರು ಎಷ್ಟು ಜನ, ನಡುವೆ ತೆರೆದ ಜಾಗ ಎಷ್ಟು ಮೀಟರ್. ಗೇಟಲ್ಲಿ ಕೂತಿರೋರನ್ನು ಕೇಳಿದರೆ ಎರಡಕ್ಕೂ ಉತ್ತರ ಸಿಗಬಹುದು. ಬಂದ ಉತ್ತರಗಳಿಗೆ ಇದೇ ಲೆಕ್ಕ ಹಾಕಿ ಮುಂದಿನ ವಿಡಿಯೊದಲ್ಲಿ ತೋರಿಸ್ತೀನಿ.